ಬಿಗಿ ಕೊಳವೆಯ ಪೈಪು

ಮಾವನ ತಂಬಾಕಿನ ಪೈಪು ಮುರಿದವನು ಅಳಿಯ. ಅದು ಅಳಿಯನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಾವನಿಗಂತೂ ಗೊತ್ತೇ ಇರಲಿಲ್ಲ. ಅದು ತಮ್ಮ ಕೈಯಲ್ಲೇ ಮುರಿಯಿತೆಂದು ನಂಬಿದ್ದ ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಗುರುತಿಲ್ಲದವರ ಕೈಗಳನ್ನು ನೋಡುವ ಹಾಗೆ ನೋಡುತ್ತ ಕೂರುತ್ತಿದ್ದರು. ಅಳಿಯ ಅದನ್ನು ಕಂಡೂ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದ. ಕೆಟ್ಟವನೇನಲ್ಲ ಅವನು. ಕೆಟ್ಟವನಾಗಿದ್ದರೆ ನಿದ್ದೆಯಾದರೂ ಚೆನ್ನಾಗಿ ಬರುತ್ತಿತ್ತು.

ಮಾವನದು ಎರಡು ಕುರ್ಚಿಯ ಕ್ಷೌರದಂಗಡಿ. ಕಿಟಕಿಯ ಪಕ್ಕದ್ದು ಮೊದಲ ಕುರ್ಚಿ, ಒಳಗೆ ಗೋಡೆಗೆ ಒತ್ತಿಕೊಂಡದ್ದು ಎರಡನೆಯದು. ಮೊದಲನೆಯದಕ್ಕೆ ಬೀದಿಯ ಬೆಳಕು ನೇರವಾಗಿ ಬೀಳುತ್ತಿತ್ತು. ಹಾಗಾಗಿ ಹಳೆಯ ಮಡಚುಗತ್ತಿಯಲ್ಲಿ ಗಡ್ಡ ಮಾಡಿಸಿಕೊಳ್ಳಲೆಂದೇ ಬರುವವರೆಲ್ಲ ಅಲ್ಲೇ ಕೂರುತ್ತಿದ್ದರು, ಮತ್ತು ಆ ಕುರ್ಚಿಯ ಹಿಂದೆ ಮಾವನೇ ನಿಲ್ಲುತ್ತಿದ್ದರು. ಅಳಿಯ ಎರಡನೇ ಕುರ್ಚಿಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಕೆಲಸ ಕಲಿಯಲು ಬಂದವನು, ಕತ್ತರಿ ಕಲಿತ, ಕತ್ತಿ ಕಲಿತ, ಆಮೇಲೆ ಗುರುವಿನ ಮಗಳನ್ನೇ ಮದುವೆಯಾದ. ಮದುವೆಯಾದ ಹೊಸದರಲ್ಲಿ ಮಾವ ಅವನನ್ನು ‘ನೀವು’ ಎಂದು ಕರೆಯಲು ಹೋಗಿ, ‘ನೀವು ಆ ಟವಲ್ಲು ಒಗೆದ್ರಾ’ ಎನ್ನುವಾಗ ನಾಲಿಗೆ ತೊಡರಿ, ವಾರ ತುಂಬುವ ಮೊದಲೇ ‘ನೀನು’ಗೆ ಮರಳಿದ್ದರು. ಅಳಿಯನಿಗೂ ಅದೇ ಹಿತವಾಗಿತ್ತು. ಆದರೆ ಕುರ್ಚಿ ಮಾತ್ರ ಎರಡನೆಯದೇ ಉಳಿಯಿತು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು ಕಾಣಿಸಿಕೊಂಡರೂ ಅವನು ಗಿರಾಕಿಗಳ ಬಾಯಲ್ಲಿ ‘ಒಳಗಡೆಯವನು’.

ಇನ್ನು ಪೈಪು. ಕಂದು ಮರದ ಬಟ್ಟಲು, ಕಪ್ಪು ಕೊಳವೆ. ಬಟ್ಟಲಿನಿಂದ ಹೊರಟ ಮರದ ಕುತ್ತಿಗೆಯೊಳಗೆ ಕೊಳವೆಯ ಸಣ್ಣ ಮೂತಿ ಹೋಗಿ ಕೂರುತ್ತದೆ. ಅದು ಬಿಗಿಯಾಗಿ ಕೂತರೇ ಪೈಪು, ಇಲ್ಲದಿದ್ದರೆ ಊದುಗೊಳವೆ ಎಂಬುದು ಮಾವನ ಖಚಿತ ಮತ. ದಿನಕ್ಕೊಂದೇ ಸಲ, ಅಂಗಡಿಯ ಬಾಗಿಲು ಎಳೆದ ಮೇಲೆ ಸೇದುವುದು. ಸೇದಿ ಹಾಗೇ ಹಲಗೆಗೆ ಒರಗಿಸಿಡುವುದು. ಮಾರನೇ ಬೆಳಿಗ್ಗೆ, ಮರ ಪೂರ್ತಿ ತಣ್ಣಗಾದ ಮೇಲೆ, ಬಟ್ಟಲನ್ನಲ್ಲ, ಕುತ್ತಿಗೆಯನ್ನು ಹಿಡಿದು, ಕೊಳವೆಯನ್ನು ನಿಧಾನ ತಿರುಗಿಸಿ ಬಿಚ್ಚಿ ಒಳಗೆ ತಂತಿ ಹಾಯಿಸುವುದು. ಬಿಸಿಯಿದ್ದಾಗ ಮರ ಉಬ್ಬಿ ಮೂತಿಯನ್ನು ಕಚ್ಚಿಕೊಂಡಿರುತ್ತದೆ, ಆಗ ಮುಟ್ಟಲೇಬಾರದು. ಗಾಳಿಯಲ್ಲಿ ತೇವ ಹೆಚ್ಚಾಗಿ ತಣ್ಣಗಿದ್ದಾಗಲೂ ಬಿಗಿಯೆನಿಸಿದರೆ ಮೂತಿಗೆ ಪೆನ್ಸಿಲಿನ ಸೀಸ ಉಜ್ಜುವುದು. ಇಷ್ಟೂ ಅಳಿಯನಿಗೆ ಬಾಯಿಪಾಠ. ಸೇದದ ಮನುಷ್ಯನಿಗೆ ಇದೆಲ್ಲ ಯಾಕೆ ಎಂದು ಕೇಳಬೇಡಿ. ದಿನವೂ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳದೆ ಇರುತ್ತದೆಯೇ?

ಮುರಿದದ್ದು ಒಂದು ಮಧ್ಯಾಹ್ನ. ಮಾವ ಊಟಕ್ಕೆ ಮನೆಗೆ ಹೋಗಿದ್ದರು. ಅಂಗಡಿಯ ಪರದೆ ಇಳಿದಿತ್ತು. ಅಳಿಯ ನೆಲ ಗುಡಿಸಿ, ಕೂದಲನ್ನೆಲ್ಲ ಒಂದು ಮೂಲೆಗೆ ತಳ್ಳಿ, ಸುಮ್ಮನೆ ಮೊದಲ ಕುರ್ಚಿಯಲ್ಲಿ ಕೂತ. ಕೂತದ್ದು ತಪ್ಪಲ್ಲ. ಕೂತವನು ಕಾಲ ಮೇಲೆ ಕಾಲು ಹಾಕಿದ. ಆಮೇಲೆ ಕೈ ಚಾಚಿ ಹಲಗೆಯ ಮೇಲಿದ್ದ ಪೈಪನ್ನು ತೆಗೆದುಕೊಂಡ, ಮಾವನ ಡಬ್ಬಿಯಿಂದಲೇ ತಂಬಾಕು ತುಂಬಿದ, ಕಡ್ಡಿ ಗೀರಿದ. ಕೆಮ್ಮು ಬಂತು, ತಡೆದುಕೊಂಡ. ಹೊಗೆಯ ಹಿಂದೆ ಕನ್ನಡಿಯಲ್ಲಿ ಒಬ್ಬ ಯಜಮಾನ ಕೂತಿದ್ದ. ಅಳಿಯ ಅವನಿಗೆ ಹುಬ್ಬು ಏರಿಸಿ ತೋರಿಸಿದ. ಒಳಗಿನ ಕುರ್ಚಿಯ ಕಡೆ ಗದ್ದ ತಿರುಗಿಸಿ, ಅಲ್ಲಿ ಯಾರೋ ಕೆಲಸದವನು ನಿಂತಿದ್ದಾನೆ ಎಂಬಂತೆ, ಮಾವನ ದನಿಯಲ್ಲೇ ‘ಬಲ ಬೇಡ ಕಣಯ್ಯಾ, ಸಮಾಧಾನ ಬೇಕು’ ಎಂದ. ಅದು ಮಾವ ಅವನಿಗೆ ಕತ್ತಿ ಹಿಡಿಯುವುದನ್ನು ಕಲಿಸುವಾಗ ಹೇಳಿದ ಮಾತು. ಅಣಕಿಸುವುದರಲ್ಲಿ ಅವನಿಗೆ ಆ ಹೊತ್ತು ಎಷ್ಟು ಖುಷಿಯಾಯಿತೆಂದರೆ ಇನ್ನೊಮ್ಮೆ ಹೇಳಿದ.

ಆಗಲೇ ಹೊರಗೆ ಮೆಟ್ಟಿಲ ಮೇಲೆ ಮಾವನ ಕೆಮ್ಮು ಕೇಳಿಸಿತು. ಅಳಿಯ ಬೂದಿಯನ್ನು ಕೂದಲ ರಾಶಿಗೆ ಕೊಡವಿದ. ಕೊಳವೆಯೊಳಗೆ ತನ್ನ ಎಂಜಲು ಇದೆಯಲ್ಲ, ಒರೆಸಬೇಕಲ್ಲ ಎಂದು ಬಿಸಿ ಪೈಪಿನ ಕೊಳವೆಯನ್ನು ತಿರುಗಿಸಿದ. ಅದು ಬರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಆ ಗಳಿಗೆಯಲ್ಲಿ ಎಲ್ಲಿಗೆ ಹೋಗಿತ್ತೋ, ಹಲ್ಲು ಕಚ್ಚಿ ಇನ್ನೂ ಜೋರಾಗಿ ತಿರುಚಿದ. ಟಪ್ಪೆಂದು ಸಣ್ಣ ಸದ್ದಾಯಿತು. ಮರದ ಕುತ್ತಿಗೆಯ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಹೆಬ್ಬೆರಳಿನಿಂದ ಒತ್ತಿದ, ಬಿರುಕು ಮುಚ್ಚಿಕೊಂಡಿತು. ಪೈಪನ್ನು ಇದ್ದಲ್ಲೇ ಒರಗಿಸಿ ಪೊರಕೆ ಹಿಡಿದು ನಿಂತ. ಮಾವ ಒಳಗೆ ಬಂದು, ‘ಇನ್ನೂ ಗುಡಿಸ್ತಾನೇ ಇದೀಯಾ?’ ಎಂದರು. ಅಂಗಡಿಯಲ್ಲಿ ಪಕ್ಕದ ಹೋಟೆಲಿನವರ ಬೀಡಿ, ಗಿರಾಕಿಗಳ ಸಿಗರೇಟು ಎಲ್ಲ ಬೆರೆತ ವಾಸನೆ ಯಾವಾಗಲೂ ಇದ್ದದ್ದೇ, ಅವರಿಗೆ ಅನುಮಾನ ಬರಲಿಲ್ಲ.

ಅವತ್ತು ಸಂಜೆ ಮಾವ ಅದನ್ನೇ ಸೇದಿದರು. ಹೊಗೆ ಸರಿಯಾಗಿ ಎಳೆಯುತ್ತಿಲ್ಲ, ತಂಬಾಕಿಗೆ ತೇವ ಹಿಡಿದಿರಬೇಕು ಎಂದು ಗೊಣಗಿದರು. ಮಾರನೇ ಬೆಳಿಗ್ಗೆ ಮೊದಲ ಗಿರಾಕಿಯಾಗಿ, ಊರೆಲ್ಲ ತುತ್ತೂರಿ ಎಂದು ಕರೆಯುವವನು ಬಂದ. ಅವನು ಬ್ಯಾಂಡಿನವನು, ಊದುವುದೇ ಹೊಟ್ಟೆಪಾಡು. ಕೆಳತುಟಿಯ ಕೆಳಗೆ ಒಂದು ಕೂದಲು ಉಳಿದರೂ ವಾದ್ಯದ ಬಾಯಿ ಸರಿಯಾಗಿ ಕೂರುವುದಿಲ್ಲವೆಂದು ಮಾವನ ಕತ್ತಿಗೇ ಬರುತ್ತಿದ್ದ, ಬೇರೆಯವರಿಗೆ ಆ ಜಾಗ ಮುಟ್ಟಲು ಬಿಡುತ್ತಿರಲಿಲ್ಲ. ಅವನ ಮುಖಕ್ಕೆ ನೊರೆ ಹಚ್ಚಿ, ಅದು ಗಡ್ಡವನ್ನು ಮೆತ್ತಗೆ ಮಾಡುವಷ್ಟರಲ್ಲಿ ಪೈಪು ಒರೆಸಿಬಿಡೋಣವೆಂದು ಮಾವ ಎಂದಿನಂತೆ ಕುತ್ತಿಗೆ ಹಿಡಿದು ಕೊಳವೆ ತಿರುಗಿಸಿದರು. ಕುತ್ತಿಗೆ ಎರಡು ಸೀಳಾಗಿ ಅವರ ಅಂಗೈಗೆ ಬಂತು.

ಮಾವ ಸಿಟ್ಟಾಗಲಿಲ್ಲ, ಅಯ್ಯೋ ಎನ್ನಲಿಲ್ಲ. ಚೂರುಗಳನ್ನು ಹಲಗೆಯ ಮೇಲಿಟ್ಟು ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿದರು.

‘ಎಷ್ಟು ಬಲ ಹಾಕ್ದೆ ಅಂತ ನನಗೇ ಗೊತ್ತಾಗ್ಲಿಲ್ಲ’ ಎಂದರು, ಯಾರಿಗೂ ಅಲ್ಲದ ಹಾಗೆ.

ಬೇರೆ ಯಾರೇ ಆಗಿದ್ದರೂ ಹಳೇ ಪೈಪು, ಹೋಯಿತು ಬಿಡು ಎನ್ನುತ್ತಿದ್ದರು. ಆದರೆ ಇನ್ನೊಬ್ಬರ ಗಂಟಲ ಮೇಲೆ ಕತ್ತಿ ಆಡಿಸುವವನಿಗೆ ತನ್ನ ಕೈಯ ಬಲ ತನಗೆ ತಿಳಿಯದಿದ್ದರೆ ಉಳಿದದ್ದೇನು? ಮಾವ ಕತ್ತಿಯನ್ನು ಮಡಚಿ, ಹಿಡಿಯನ್ನು ಮುಂದೆ ಮಾಡಿ ಅಳಿಯನ ಕಡೆ ಚಾಚಿದರು.

‘ಇವರಿಗೆ ನೀನು ಮಾಡು.’

ಆಗಲೇ ಹೇಳಿಬಿಡಬೇಕಿತ್ತು. ಅಳಿಯನ ಬಾಯಿ ತೆರೆದೂ ಇತ್ತು. ಆದರೆ ನೊರೆ ಮೆತ್ತಿಕೊಂಡ ತುತ್ತೂರಿ ಕನ್ನಡಿಯಲ್ಲಿ ಕಣ್ಣರಳಿಸಿ ನೋಡುತ್ತಿದ್ದ. ಅವನಿಗೆ ತಿಳಿದರೆ ಊರಿಗೆ ತಿಳಿದಂತೆ, ಹೆಸರು ಸುಮ್ಮನೆ ಬಂದದ್ದಲ್ಲ. ಪೈಪು ಮುರಿದೆ ಎಂದರೆ ಯಾಕೆ ಮುಟ್ಟಿದೆ ಎನ್ನುತ್ತಾರೆ. ಯಾಕೆ ಮುಟ್ಟಿದೆ ಎಂದರೆ ಕುರ್ಚಿಯ ಮಾತು ಬರುತ್ತದೆ, ಕುರ್ಚಿಯ ಮಾತು ಬಂದರೆ ಕನ್ನಡಿಯ ಮುಂದೆ ಮಾಡಿದ ಅಣಕ. ಪೈಪು ಮುರಿದದ್ದನ್ನು ಅವನು ಹತ್ತು ಜನರ ಮುಂದೆ ಬೇಕಾದರೂ ಒಪ್ಪಿಕೊಂಡಾನು. ಹುಬ್ಬು ಏರಿಸಿದ್ದನ್ನು ಹೇಗೆ ಹೇಳುವುದು? ಸಂಜೆ ಒಬ್ಬರೇ ಇರುವಾಗ ಹೇಳೋಣ ಎಂದುಕೊಂಡು ಕತ್ತಿಯನ್ನು ತೆಗೆದುಕೊಂಡ.

ಸಂಜೆ ಮಾವ ತಮ್ಮ ಬಾಚಣಿಗೆ, ಬ್ರಷ್ಷು, ಪೌಡರಿನ ಡಬ್ಬಿ ಎಲ್ಲವನ್ನೂ ಎತ್ತಿ ಎರಡನೇ ಕುರ್ಚಿಯ ಮುಂದೆ ಜೋಡಿಸಿಕೊಳ್ಳುತ್ತಿದ್ದರು. ಇನ್ನು ತಮಗೆ ಕತ್ತರಿ ಸಾಕು, ಕತ್ತಿ ನಿನ್ನದು ಎಂದರು. ಅಳಿಯ ‘ಯಾಕೆ ಮಾವ, ಏನೂ ಆಗಿಲ್ಲ ನಿಮಗೆ’ ಎಂದ. ಆ ಮಾತಿನಲ್ಲಿ ಸತ್ಯವೆಲ್ಲ ಇತ್ತು, ಹೇಳಬೇಕಾದದ್ದು ಮಾತ್ರ ಇರಲಿಲ್ಲ. ಎಲ್ಲರೂ ಹಾಗೇ ಸಮಾಧಾನ ಹೇಳುತ್ತಾರೆಂದು ಮಾವ ತಲೆಯಾಡಿಸಿದರು.

ಅಳಿಯನ ಬಗ್ಗೆ ಒಂದು ಮಾತು ಹೇಳಲೇಬೇಕು, ಅವನಿಗೆ ನಾಚಿಕೆಯಾದರೂ ಆಗಲಿ. ಮೊದಲ ದಿನ ಕಿಟಕಿಯ ಬೆಳಕಿನಲ್ಲಿ ನಿಂತು ಕೆಲಸ ಮಾಡುವಾಗ ಅವನಿಗೆ ಹಿತವೆನಿಸಿತು. ಬೀದಿಯಲ್ಲಿ ಹೋಗುವವರು ಒಳಗೆ ಇಣುಕಿ, ಅವನನ್ನು ಕಂಡು ಕೈ ಎತ್ತಿದರು. ಮನೆಗೆ ಹೋದರೆ ಹೆಂಡತಿ ಮುಖ ಅರಳಿಸಿಕೊಂಡು, ‘ಕೊನೆಗೂ ಅಪ್ಪನಿಗೆ ಮನಸ್ಸು ಬಂತಲ್ರೀ’ ಎಂದಳು. ಅವಳಿಗೆ ಕಾರಣ ಗೊತ್ತಿರಲಿಲ್ಲ. ಅಳಿಯ ಹೂಂಗುಟ್ಟಿದ. ಆ ರಾತ್ರಿ ತನಗೆ ಹಿತವಾದದ್ದು ನೆನಪಾಗಿ ಅವನಿಗೆ ತನ್ನ ಮೇಲೇ ಅಸಹ್ಯ ಬಂತು.

ಆಮೇಲೆ ಹಿತವೂ ಉಳಿಯಲಿಲ್ಲ. ಮಾವ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದರು. ಬೀಗ ಹಾಕಿದ ಮೇಲೆ ಹಾಕಿದೆನೋ ಇಲ್ಲವೋ ಎಂದು ಮತ್ತೆ ಎಳೆದು ನೋಡತೊಡಗಿದರು. ಮನೆಯಲ್ಲಿ ಒಂದು ಕೂಸಿತ್ತು, ಅಳಿಯನ ಮಗಳು, ಇನ್ನೂ ನೆಟ್ಟಗೆ ಕೂರಲೂ ಬಾರದ್ದು. ಅದರ ಉಗುರು ಕತ್ತರಿಸುತ್ತಿದ್ದವರು ಅಜ್ಜ. ಕೂಸಿನ ಬೆರಳನ್ನು ತಮ್ಮ ಎರಡು ಬೆರಳ ನಡುವೆ ಹಿಡಿದು, ಅದು ಒದ್ದಾಡುತ್ತಿದ್ದರೂ ಸಣ್ಣ ಕತ್ತರಿಯಿಂದ ಚಿಟಿಚಿಟಿ ಎಂದು ಮುಗಿಸುತ್ತಿದ್ದರು. ಈಗ ಕೂಸಿನ ತಾಯಿ ಅದನ್ನು ತಂದು ತೊಡೆಯ ಮೇಲೆ ಹಾಕಿದರೆ ಬೇಡ ಬೇಡವೆಂದು ಹಿಂದೆ ಸರಿದರು.

‘ನನ್ನ ಕೈಗೆ ಕೊಡ್ಬೇಡಮ್ಮ. ನನ್ನ ಕೈ ಸರಿಯಿಲ್ಲ.’

ಅಳಿಯ ಬಾಗಿಲಲ್ಲಿ ನಿಂತು ಇದನ್ನು ಕೇಳಿದ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಬಿರಿಯಲಿಲ್ಲ. ಅದು ಯಾವತ್ತೂ ಹೇಳಿದಾಗ ಬಿರಿಯುವುದಿಲ್ಲ. ಅವನು ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತ, ಊಟವನ್ನೂ ಮಾಡಿದ.

ಹೇಳುವ ಧೈರ್ಯವಿಲ್ಲದವನಿಗೆ ಕೊಡಿಸುವ ಉಪಾಯ ಹೊಳೆಯುತ್ತದೆ. ಹೊಸ ಪೈಪು ತೆಗೆದುಕೊಡೋಣ, ಒಳ್ಳೆಯದನ್ನೇ ತೆಗೆದುಕೊಡೋಣ, ಮಾವನ ಮನಸ್ಸು ಹಗುರವಾದರೆ ಕೈಯೂ ತಾನಾಗಿ ಸರಿಹೋಗುತ್ತದೆ ಎಂದು ಅಳಿಯ ಲೆಕ್ಕ ಹಾಕಿದ. ಅಂಗಡಿಗೆ ರಜೆಯಿದ್ದ ದಿನ ಮಾವನನ್ನು ಒತ್ತಾಯ ಮಾಡಿ ಹೊರಡಿಸಿದ.

ಪೈಪಿನಂಗಡಿ ಒಂದು ಕಿರಿದಾದ ಕೋಣೆ, ಗೋಡೆಯ ತುಂಬ ಎಳೆದು ತೆಗೆಯುವ ಸಣ್ಣ ಸಣ್ಣ ಖಾನೆಗಳು. ದಾರ ಕಟ್ಟಿದ ಕನ್ನಡಕವನ್ನು ಕೊರಳಿಗೆ ತೂಗುಬಿಟ್ಟಿದ್ದ ಅಂಗಡಿಯಾಕೆ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಒಂದೊಂದೇ ಪೈಪು ತಂದಿಟ್ಟಳು. ನೆಟ್ಟಗಿನದು, ಬಾಗಿದ್ದು, ಗುಂಡು ಹೊಟ್ಟೆಯದು, ಒರಟು ಮೈಯದು. ಮಾವ ಮೊದಲು ದೂರ ನಿಂತಿದ್ದರು. ಆಮೇಲೆ ಹಳೇ ಚಾಳಿ ಎಳೆಯಿತು. ಒಂದನ್ನು ಎತ್ತಿ ಅಂಗೈಯಲ್ಲಿ ತೂಗಿದರು. ತುಸು ಭಾರ, ಹಲ್ಲು ನೋಯುತ್ತದೆ ಎಂದು ಇಟ್ಟರು. ಇನ್ನೊಂದರ ಬಟ್ಟಲಿನೊಳಗೆ ಇಣುಕಿ, ಹೊಗೆಯ ತೂತು ತಳಕ್ಕಿಂತ ಮೇಲಿದೆ, ಅಡಿಯ ತಂಬಾಕು ಉರಿಯದೆ ಹಸಿಯಾಗಿ ಉಳಿಯುತ್ತದೆ ಎಂದರು. ಮತ್ತೊಂದಕ್ಕೆ ಬಣ್ಣ ದಪ್ಪಗೆ ಬಳಿದಿದ್ದರು. ಒಳಗಿನ ಒಡಕನ್ನು ಮೆತ್ತಿ ಮುಚ್ಚುವುದಕ್ಕೇ ಇಷ್ಟು ಬಣ್ಣ ಬಳಿಯುವುದು ಎಂದು ಮಾವ ನಕ್ಕರು. ಅಂಗಡಿಯಾಕೆಯೂ ಒಪ್ಪಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಮಾವ ನಗುವುದನ್ನು ನೋಡಿ ಅಳಿಯ ತನ್ನ ಉಪಾಯಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಕೊನೆಗೆ ಒಂದು ಉಳಿಯಿತು. ಕಂದು ಮರ, ಸ್ವಲ್ಪವೇ ಬಾಗಿದ ಕೊಳವೆ, ತೂಕ ಹದವಾಗಿತ್ತು, ತೂತು ಸರಿಯಾಗಿ ತಳದಲ್ಲಿತ್ತು. ಇನ್ನು ಕೊಳವೆಯನ್ನು ಬಿಚ್ಚಿ ನೋಡುವುದೊಂದು ಬಾಕಿ. ಮಾವ ಕುತ್ತಿಗೆಯನ್ನು ಹಿಡಿದರು, ಕೊಳವೆಗೆ ಬೆರಳು ಹಾಕಿದರು, ಅಲ್ಲೇ ನಿಂತರು. ಬೆರಳ ತುದಿಗೆ ಬಿಗಿ ತಿಳಿದಿರಬೇಕು. ಮೆಲ್ಲನೆ ಪೈಪನ್ನು ಬಟ್ಟೆಯ ಮೇಲಿಟ್ಟು, ಸಡಿಲ ಕೊಳವೆಯದು ಯಾವುದಾದರೂ ಇದೆಯೇ ಎಂದು ಕೇಳಿದರು.

ಅಂಗಡಿಯಾಕೆಗೆ ಅರ್ಥವಾಗಲಿಲ್ಲ. ಹೊಸತರಲ್ಲಿ ಬಿಗಿಯಿರುವುದೇ ಒಳ್ಳೆಯದು, ಸಡಿಲವಿದ್ದರೆ ಸ್ವಲ್ಪ ದಿನಕ್ಕೇ ಬಾಯಿಂದ ಬಟ್ಟಲು ಕಳಚಿ ಬೀಳುತ್ತದೆ, ಬಿಗಿಯೆನಿಸಿದರೆ ಪೆನ್ಸಿಲಿನ ಸೀಸ ಉಜ್ಜಿದರಾಯಿತು ಎಂದು ವಿವರಿಸತೊಡಗಿದಳು.

‘ಗೊತ್ತಮ್ಮ. ಪೈಪಿನ ದೋಷ ಅಲ್ಲ, ನನ್ನ ಕೈಯದು’ ಎಂದರು ಮಾವ. ಆಮೇಲೆ ಅಳಿಯನ ಕಡೆ ತಿರುಗಿ, ತಾವು ಇಟ್ಟಿದ್ದ ಪೈಪನ್ನು ಅವನತ್ತ ಸರಿಸಿದರು. ‘ನೀನೇ ಬಿಚ್ಚಿ ನೋಡು. ನಿನ್ನ ಕೈ ನಂಬಬಹುದು.’

ಅಳಿಯ ಪೈಪನ್ನು ತೆಗೆದುಕೊಂಡ. ಕುತ್ತಿಗೆ ಹಿಡಿದ. ಬೆವರಿಗೆ ಬೆರಳು ಜಾರಿತು. ಮಾವ ಕಾಯುತ್ತಿದ್ದರು, ಮಗ್ಗಿ ಒಪ್ಪಿಸುವ ಮಗುವಿನ ಎದುರು ಕೂತ ಮೇಷ್ಟ್ರ ಹಾಗೆ, ಪೂರ್ತಿ ನಂಬಿಕೆಯಿಂದ. ಅವರು ಬೈದಿದ್ದರೆ ಅವನು ಇನ್ನಷ್ಟು ದಿನ ತಳ್ಳುತ್ತಿದ್ದನೇನೋ.

‘ಮಾವ, ಆ ಪೈಪು ಮುರಿದದ್ದು ನಾನು.’

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವೂ ಹೊರಬಂತು. ಮಧ್ಯಾಹ್ನ, ಮೊದಲ ಕುರ್ಚಿ, ಕಾಲ ಮೇಲೆ ಕಾಲು, ಮಾವನ ಡಬ್ಬಿಯ ತಂಬಾಕು. ಅಣಕಿಸಿದ್ದನ್ನೂ ಹೇಳಿದ, ಎರಡು ಸಲ ಅಣಕಿಸಿದ್ದನ್ನೂ ಹೇಳಿದ. ಹೇಳುವಾಗ ದನಿ ಎಷ್ಟು ಸಣ್ಣದಾಯಿತೆಂದರೆ ಅಂಗಡಿಯಾಕೆ ಒಳಕೋಣೆಯಲ್ಲಿ ಏನೋ ಕೆಲಸ ನೆನಪಾದವಳಂತೆ ಎದ್ದು ಹೋದಳು.

ಮಾವ ತಮ್ಮ ಕೈಗಳನ್ನು ಮೇಜಿನ ಮೇಲೆ ಚಾಚಿ, ಅಂಗೈ ಮೇಲೆ ಮಾಡಿ, ಮತ್ತೆ ಕೆಳಗೆ ಮಾಡಿ ನೋಡಿದರು.

‘ಹಾಗಾದ್ರೆ ನಾನಲ್ಲ.’

‘ನೀವಲ್ಲ ಮಾವ.’

‘ಬಿಸಿ ಇತ್ತಾ?’

‘ಇತ್ತು.’

‘ಬಿಸಿ ಇರೋವಾಗ ಮುಟ್ಬಾರ್ದು ಅಂತ ಎಷ್ಟು ಸಲ ಹೇಳಿದೀನಿ’ ಎಂದರು ಮಾವ, ಮೊದಲು ಹೊಳೆದದ್ದು ಅದೇ. ಆಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಅವರಿಗೆ ತಲುಪಿತು. ಅದು ತಲುಪುವುದು ಮುಖದಲ್ಲಿ ಕಾಣುತ್ತಿತ್ತು. ಅಳಿಯ ತಲೆ ತಗ್ಗಿಸಿದ.

‘ಕೂತಿದ್ದಾಗ ಕನ್ನಡೀಲಿ ಹೇಗೆ ಕಂಡೆ?’

ಅಳಿಯನಿಗೆ ಸುಳ್ಳು ಹೇಳಿ ಸಾಕಾಗಿತ್ತು. ‘ಚೆನ್ನಾಗೇ ಕಂಡೆ ಮಾವ.’

ಮಾವ ಒಂದು ಸಲ ಮೂಗಿನಲ್ಲಿ ಉಸಿರು ಬಿಟ್ಟರು, ನಗೆಯೋ ಅಲ್ಲವೋ ಹೇಳುವುದು ಕಷ್ಟ. ಪೈಪನ್ನು ಅವನ ಕೈಯಿಂದ ತೆಗೆದುಕೊಂಡು, ಕುತ್ತಿಗೆ ಹಿಡಿದು, ಕೊಳವೆಯನ್ನು ತಿರುಗಿಸಿದರು. ಅದು ಹಟ ಮಾಡಿತು, ಕಿರ್ರೆಂದಿತು, ಆಮೇಲೆ ಸೊಗಸಾಗಿ ಬಿಚ್ಚಿಕೊಂಡು ಬಂತು. ಒಳಗಿದ್ದ ಅಂಗಡಿಯಾಕೆಯನ್ನು ಕರೆದು ಪೆನ್ಸಿಲು ಇಸಿದುಕೊಂಡು ಮೂತಿಗೆ ಸೀಸ ಉಜ್ಜಿ ಮತ್ತೆ ಕೂರಿಸಿದರು. ಅಳಿಯ ಜೇಬಿಗೆ ಕೈ ಹಾಕಿದ. ಮಾವ ಅವನ ಮಣಿಕಟ್ಟು ಹಿಡಿದರು.

‘ಬೇಡ. ನೀನು ಕೊಡಿಸಿದ್ರೆ ಅಲ್ಲಿಗೆ ಮುಗೀತು ಅಂತ ನಿನಗೆ ಅನಿಸುತ್ತೆ.’

ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ. ಅಳಿಯ ಇಂಗು ತಿಂದ ಮಂಗನಂತೆ ನಿಂತಿದ್ದ, ಮಾವ ತಮ್ಮ ದುಡ್ಡಿನಲ್ಲೇ ಪೈಪು ಕೊಂಡರು.

ದಾರಿಯುದ್ದಕ್ಕೂ ಮಾವ ಮುಂದೆ, ಅಳಿಯ ಹಿಂದೆ. ಮನೆಗೆ ಹೋಗದೆ ಮಾವ ನೇರ ಅಂಗಡಿಗೆ ಹೋಗಿ ಬೀಗ ತೆಗೆದರು. ಪರದೆ ಮೇಲೆತ್ತಿ ಬೆಳಕು ಬಿಟ್ಟರು. ಮೊದಲ ಕುರ್ಚಿಯ ಬೆನ್ನು ತಟ್ಟಿ, ‘ಕೂತ್ಕೋ’ ಎಂದರು. ಅಳಿಯನಿಗೆ ಆ ಕುರ್ಚಿಯಲ್ಲಿ ಕೂರುವುದೇ ಶಿಕ್ಷೆಯಾಗಿತ್ತು. ಆದರೂ ಕೂತ. ಮಾವ ಬಟ್ಟೆ ಹೊದೆಸಿ, ನೊರೆ ಕಲಸಿ, ಹಚ್ಚಿ, ತೊಗಲಿನ ಪಟ್ಟಿಗೆ ಕತ್ತಿಯನ್ನು ಮಸೆದರು. ಅವರ ಮುಖದಲ್ಲಿ ಹಬ್ಬದ ಕಳೆಯಿತ್ತು. ಕೈಯಲ್ಲಿ ಏನೂ ದೋಷವಿಲ್ಲ, ಇರಲೇ ಇಲ್ಲ, ಅದನ್ನು ಈಗಲೇ ನೋಡಿಬಿಡಬೇಕು.

ಕತ್ತಿ ಅಳಿಯನ ಕೆನ್ನೆಯ ಹತ್ತಿರ ಬಂದು ನಿಂತಿತು. ಅಳಿಯ ಓರೆಗಣ್ಣಿನಲ್ಲಿ ಅಲಗನ್ನು ನೋಡಿದ. ಅಲಗು ಅದುರುತ್ತಿತ್ತು. ಮಾವ ಕೈ ಹಿಂದೆ ತೆಗೆದು, ಕೊಡವಿ, ಮತ್ತೆ ತಂದರು. ಮತ್ತೆ ಅದುರಿತು.

‘ಆವತ್ತು ಇದು ಇರ್ಲಿಲ್ಲ ಕಣೋ’ ಎಂದರು ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಬೆರಗಿತ್ತು. ‘ಇಲ್ಲದ್ದನ್ನ ಇದೆ ಅಂತ ಅಂದ್ಕೊಂಡು ಅಂದ್ಕೊಂಡು ಈಗ ನಿಜವಾಗ್ಲೂ ಬಂದ್ಬಿಟ್ಟಿದೆ.’

ಪೈಪಿಗೊಂದು ಬದಲಿ ಪೈಪು ಸಿಗುತ್ತದೆ. ತಾನು ಮುರಿದದ್ದು ಏನನ್ನು ಎಂಬುದು ಅಳಿಯನಿಗೆ ತಿಳಿದದ್ದು ಆಗ, ಮುಖದ ಮೇಲೆ ನೊರೆ ಒಣಗುತ್ತಿದ್ದಾಗ. ಆ ಬೆಳಿಗ್ಗೆ, ಚೂರುಗಳು ಮಾವನ ಅಂಗೈಯಲ್ಲಿದ್ದಾಗಲೇ ಬಾಯಿ ಬಿಟ್ಟಿದ್ದರೆ ಮುರಿದದ್ದು ಮರ ಮಾತ್ರ ಆಗಿರುತ್ತಿತ್ತು. ಅತ್ತರೆ ಮುಖ ಅಲುಗುತ್ತದೆ, ಅಲುಗಿದರೆ ಕತ್ತಿ ತಾಗುತ್ತದೆ. ಅವನು ಅಳಲಿಲ್ಲ.

‘ಮಾಡಿ ಮಾವ’ ಎಂದ. ‘ಕೊಯ್ದರೆ ಕೊಯ್ಯಲಿ.’

ಕೊಯ್ದೇ ಕೊಯ್ದಿತು. ಕೆನ್ನೆಯಲ್ಲೊಂದು, ದವಡೆಯ ಮೂಲೆಯಲ್ಲೊಂದು, ಗಂಟಲ ಹತ್ತಿರ ಸಣ್ಣದೊಂದು. ಮಾವ ಪಟಿಕದ ತುಂಡು ಒತ್ತಿದಾಗ ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ಆ ಉರಿ ಅವನಿಗೆ ಬೇಕೂ ಆಗಿತ್ತು. ಮನೆಗೆ ಹೋಗಿ ಹೆಂಡತಿಗೂ ಎಲ್ಲ ಹೇಳಿದ. ಅವಳು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ‘ಅಪ್ಪ ಕೂಸನ್ನ ಮುಟ್ಟೋದೇ ಬಿಟ್ಟಿದ್ರಲ್ರೀ’ ಎಂದಷ್ಟೇ ಹೇಳಿ, ಮಲಗಿದ್ದ ಮಗುವನ್ನು ಎತ್ತಿಕೊಂಡು ಅಪ್ಪನ ಕೋಣೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಅಂದಿನಿಂದ ದಿನವೂ ಅಂಗಡಿ ತೆರೆಯುವ ಮೊದಲು ಅಳಿಯ ಮೊದಲ ಕುರ್ಚಿಯಲ್ಲಿ ಕೂರುತ್ತಿದ್ದ, ಮಾವ ಕತ್ತಿ ಹಿಡಿಯುತ್ತಿದ್ದರು. ಕೆಲವು ದಿನ ಒಂದೇ ಗಾಯದಲ್ಲಿ ಮುಗಿಯುತ್ತಿತ್ತು, ಕೆಲವು ದಿನ ಲೆಕ್ಕ ಇಡದಿರುವುದೇ ವಾಸಿಯಾಗಿತ್ತು. ಗಿರಾಕಿಗಳು ಬರುವ ಹೊತ್ತಿಗೆ ಮಾವ ತಮ್ಮ ಎರಡನೇ ಕುರ್ಚಿಗೆ ಹೋಗಿಬಿಡುತ್ತಿದ್ದರು. ಕ್ಷೌರಿಕನ ಮುಖವೇ ಹೀಗೆ ಚಿಂದಿಯಾಗಿದ್ದರೆ ಜನ ಸುಮ್ಮನಿರುತ್ತಾರೆಯೇ? ಕದ್ದು ನೋಡಿದರು, ಒಳಗೊಳಗೇ ನಕ್ಕರು. ಕೇಳಿದ್ದು ಮಾತ್ರ ತುತ್ತೂರಿ. ಒಂದು ದಿನ ಅವನು ಮೊದಲ ಕುರ್ಚಿಯಲ್ಲಿ ಕೂರಲು ಬಂದವನು ಅರ್ಧಕ್ಕೇ ನಿಂತು ಅಳಿಯನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ.

‘ಇದೇನಯ್ಯ ಅವಸ್ಥೆ? ಯಾವ ಕಟುಕ ಮಾಡಿದ್ದು ನಿನಗೆ ಶೇವಿಂಗು?’

ಅಂಗಡಿಯಲ್ಲಿ ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು. ಅಳಿಯ ಯೋಚಿಸಲಿಲ್ಲ. ಮಾವನ ಹೆಸರು ಬಂದರೆ ಇವರು ಯಾರೂ ಇನ್ನು ಮಾವನ ಕತ್ತಿಗೆ ಕತ್ತು ಕೊಡುವುದಿಲ್ಲ. ತನ್ನ ಹೆಸರು ಹೋದರೆ ಹೋಗಲಿ, ಅದು ಹೋಗಬೇಕಾದದ್ದೇ.

‘ನಾನೇ ಮಾಡ್ಕೊಂಡೆ’ ಎಂದ.

‘ಸುಳ್ಳು’ ಎಂದರು ಮಾವ ಒಳಗಡೆಯಿಂದ. ಅವರು ಯಾರದೋ ಕಿವಿಯ ಹಿಂದೆ ಕತ್ತರಿ ಆಡಿಸುತ್ತಿದ್ದರು. ಕತ್ತರಿಯ ಸದ್ದು ನಿಲ್ಲಲಿಲ್ಲ, ದನಿ ಏರಲಿಲ್ಲ. ‘ಅವನ ಮುಖ ಕೊಯ್ದದ್ದು ನಾನು. ಕೈ ನಡುಗ್ತಿದೆ, ಸರಿ ಮಾಡ್ಕೊಳ್ತಾ ಇದೀನಿ.’

ಅಷ್ಟೇ. ಹೇಳುವುದಕ್ಕೆ ಅಷ್ಟೇ ಹೊತ್ತು ಸಾಕಿತ್ತು. ಅಂಗಡಿ ತುಂಬ ಜನರಿದ್ದರು, ಊರಿಗೆಲ್ಲ ಊದುವವನೇ ಎದುರಿಗಿದ್ದ, ಹೋಗುವುದಾದರೆ ಇಡೀ ಆಯುಷ್ಯದ ಹೆಸರು ಹೋಗುತ್ತಿತ್ತು. ಆದರೂ ಮಾವ ತಮ್ಮದಾದ ತಪ್ಪನ್ನು ಇನ್ನೊಬ್ಬನ ತಲೆಯ ಮೇಲೆ ಒಂದು ಉಸಿರಿನಷ್ಟು ಹೊತ್ತೂ ಇರಗೊಡಲಿಲ್ಲ. ಅಳಿಯ ಅದನ್ನು ಎಷ್ಟು ಕಾಲ ಇರಗೊಟ್ಟಿದ್ದ! ಪೈಪಿನಂಗಡಿಯಲ್ಲಿ ಎಲ್ಲ ಹೇಳಿ ಮುಗಿಸಿದೆ, ನಾಚಿಕೆಯೂ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದವನಿಗೆ ಈಗ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಗಾಯಗಳೆಲ್ಲ ಒಟ್ಟಿಗೆ ಚುರುಗುಟ್ಟಿದವು.

ತುತ್ತೂರಿ ಒಮ್ಮೆ ಮಾವನನ್ನು, ಒಮ್ಮೆ ಅಳಿಯನನ್ನು ನೋಡಿದ. ತನ್ನ ಕೆಳತುಟಿಯನ್ನು ಮುಟ್ಟಿಕೊಂಡ. ಹೊಟ್ಟೆಪಾಡಿನ ತುಟಿ, ಪಾಪ, ಅವನದೇನು ತಪ್ಪು. ‘ಇವತ್ತು ಇವನೇ ಮಾಡ್ಲಿ’ ಎಂದು ಮೆಲ್ಲಗೆ ಹೇಳಿ ಕುರ್ಚಿಯಲ್ಲಿ ಕೂತ. ಮಾವ ಆಗಲಿ ಎಂಬಂತೆ ತಲೆಯಾಡಿಸಿದರು.

ಅಳಿಯ ನೊರೆ ಕಲಸಿದ. ಅವನ ಕೈ ಎಳ್ಳಷ್ಟೂ ನಡುಗುತ್ತಿರಲಿಲ್ಲ. ಅದಕ್ಕಾಗಿಯೇ ಅವನಿಗೆ ನಾಚಿಕೆಯಾಯಿತು. ಮಾವ ತಮ್ಮ ಗಿರಾಕಿಯ ಹೆಗಲ ಕೂದಲು ಕೊಡವಿ ಕಳಿಸಿ, ಟವಲ್ಲು ತರುವ ನೆಪದಲ್ಲಿ ಅವನ ಹತ್ತಿರ ಬಂದರು.

‘ನಾಳೆ ಸ್ವಲ್ಪ ಬೇಗ ಬಾ’ ಎಂದರು, ಅವನಿಗಷ್ಟೇ ಕೇಳುವ ಹಾಗೆ. ‘ತುಟಿಯ ಕೆಳಗಿನ ಜಾಗ ನಾವಿನ್ನೂ ಮುಟ್ಟೇ ಇಲ್ಲ.’